ತೂಗುಸೇತುವೆಗೆ ಒಯ್ದ ಇಷ್ಟಲಿಂಗ

ಅವ್ವಾ,

ಹಾಳೆ ಮುಂದಿಟ್ಟುಕೊಂಡ ಕೂಡಲೇ ಕೈ ತಾನಾಗಿಯೇ 'ವಿಷಯ' ಎಂದು ಬರೆದು ಪಕ್ಕದಲ್ಲಿ ಎರಡು ಚುಕ್ಕಿ ಇಟ್ಟಿತು. ಹುಕ್ಕೇರಿಯ ತಹಶೀಲ್ದಾರ ಕಚೇರಿಯ ಎದುರು ಕೂತು ಇಷ್ಟು ವರ್ಷ ಊರವರ ಅರ್ಜಿ ಟೈಪ್ ಮಾಡಿದವಳ ಕೈ, ಏನು ಮಾಡುತ್ತದೆ ಪಾಪ. ಹೊಡೆದು ಹಾಕಿದೆ. ನಿನಗೆ ಒಂದೇ ಸಾಲಿನಲ್ಲಿ ಏನಂತ ವಿಷಯ ಬರೆಯಲಿ? ನಾನೊಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಬೇಕು. ಮೊನ್ನೆ ರವಿವಾರ ಗೋಕಾಕ ಫಾಲ್ಸಿನ ತೂಗುಸೇತುವೆಗೆ ಹೋಗಿದ್ದೆ, ಅದನ್ನೂ ಹೇಳಬೇಕು. ಎರಡೂ ಬೇರೆ ಬೇರೆ ಸಂಗತಿಯಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ನಿನ್ನನ್ನು ಸ್ಕ್ಯಾನಿಗೆ ಒಯ್ಯುವ ಮುಂಚೆ ನರ್ಸ್ ಹುಡುಗಿ ನಿನ್ನ ಕೊರಳಿನ ಶಿವದಾರ ಕತ್ತರಿಸಿದ್ದು ನಿನಗೆ ತಿಳಿದಿರಲಿಕ್ಕಿಲ್ಲ. ಆಗಲೇ ನಿನಗೆ ಎಚ್ಚರ ತಪ್ಪಿತ್ತು. ಆಕೆ ಕೇಳಿಯೇ ಕತ್ತರಿಸಿದಳು, ತಪ್ಪು ಹೇಳಬಾರದು. "ಗಂಟ ಬಿಚ್ಚಾಕ ಬರವಲ್ದರಿ ಅಕ್ಕಾರ, ಭಾಳ ಬಿಗಿ ಐತಿ. ಕತ್ತರಸಲೇನ್ರಿ?" ಎಂದಳು. ನಾನು ಹೂಂ ಎಂದೆ. ಲಿಂಗ ಇಡುವ ಆ ಬೆಳ್ಳಿಯ ಗುಂಡಗಡಿಗೆ ನನ್ನ ಕೈಗೆ ಬಂದಾಗ ಅದರಲ್ಲಿ ಇನ್ನೂ ನಿನ್ನ ಮೈಯ ಬಿಸಿ ಇತ್ತು. ಐವತ್ತು ವರ್ಷದಲ್ಲಿ ಲಿಂಗ ನಿನ್ನಿಂದ ಬೇರೆಯಾದದ್ದು ಅದೇ ಮೊದಲು, ಅಲ್ಲವೇ? ಖಾನಾವಳಿಯ ಒಲೆ ಹಚ್ಚುವ ಮೊದಲು ಲಿಂಗಪೂಜೆ ಆಗಲೇಬೇಕಿತ್ತು ನಿನಗೆ. ಹೊರಗೆ ಗಿರಾಕಿಗಳು ಬಂದು ಕೂತು ಕೆಮ್ಮುತ್ತಿದ್ದರೂ ನೀನು ಎಡ ಅಂಗೈ ನೋಡುತ್ತ ಕೂತವಳು ಏಳುತ್ತಿರಲಿಲ್ಲ.

ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ನಾಲ್ಕು ದಿನ ಮನೆಯಲ್ಲಿ ಇದ್ದೆ ನೀನು. ಕಣ್ಣು ತೆರೆಯಲಿಲ್ಲ, ಮಾತಾಡಲಿಲ್ಲ. ಆದರೆ ನಿನ್ನ ಬಲಗೈ ಮಾತ್ರ ಎದೆಯ ಮೇಲೆ ಏನೋ ಹುಡುಕುತ್ತಿತ್ತು. ಸೆರಗು ಸರಿಸುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಏನು ಹುಡುಕುತ್ತಿದೆ ಎಂದು ನನಗೆ ಗೊತ್ತಿತ್ತು. ಹೊಸ ಶಿವದಾರ ತಂದು ನಾಳೆ ಕಟ್ಟೋಣ ಎಂದುಕೊಂಡೆ. ನಾಳೆ, ನಾಳೆ ಎಂದು ನಾಲ್ಕು ದಿನ. ಗುಂಡಗಡಿಗೆ ದೇವರ ಜಗಲಿಯ ಮೇಲಿತ್ತು. ಅದರ ಬಾಜೂಕ್ಕೇ ನನ್ನದೂ ಇತ್ತು.

ನನ್ನದು ಅಲ್ಲಿ ಯಾಕಿತ್ತು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪ ತೀರಿಕೊಂಡ ವರ್ಷ ನಾನು ಹತ್ತನೆಯ ತರಗತಿ. ಮಣ್ಣು ಮುಗಿಸಿ ಬಂದ ದಿನವೇ ಕೊರಳಿನಿಂದ ಕಿತ್ತು ಜಗಲಿಯ ಮೇಲೆ ಒಗೆದಂತೆ ಇಟ್ಟಿದ್ದೆ. "ಇಷ್ಟ ಪೂಜಿ ಮಾಡಿ ಏನ ಬಂತ ನಮಗ?" ಎಂದಿದ್ದೆ. ನೀನು ಹೊಡೆಯುತ್ತೀ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ನೀನೇ ದಾರ ತೆಗೆದು, ಲಿಂಗವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಗುಂಡಗಡಿಗೆಯಲ್ಲಿಟ್ಟು ಸುಮ್ಮನಾದೆ. ಆ ದಿನ ಮಾತ್ರ ಸುಮ್ಮನಾದೆ ಅನ್ನು. ಮರುದಿನದಿಂದ ನನಗೆ ನಲವತ್ತೇಳು ತುಂಬುವವರೆಗೆ ದಿನಾ ಮುಂಜಾನೆ ಒಂದೇ ಮಾತು. "ಮೈಮ್ಯಾಲ ಲಿಂಗ ಇಲ್ಲ, ಮದಲ ಚಾ ಬೇಕು ಮಹಾರಾಣಿಗೆ!" ಚಹಾ ಕೊಡುತ್ತಲೇ ಬೈಯುತ್ತಿದ್ದೆ. ಬೈಯುತ್ತಲೇ ಸಕ್ಕರೆ ಒಂದು ಚಮಚ ಹೆಚ್ಚು ಹಾಕುತ್ತಿದ್ದೆ.

ನಿನ್ನದನ್ನು ನೀನು ಅಪ್ಪನ ಧೋತ್ರದ ತುಂಡಿನಲ್ಲಿ ಸುತ್ತಿಕೊಂಡಿದ್ದೆ. ಕೆಂಪು ಅಂಚು ಇದ್ದ ಬಿಳಿ ತುಂಡು. ಅಪ್ಪ ಹೋದ ಮೇಲೆ ಅವನ ಬಟ್ಟೆಗಳನ್ನೆಲ್ಲ ಹಂಚಿ, ಅದಷ್ಟನ್ನೇ ಕತ್ತರಿಸಿ ಇಟ್ಟುಕೊಂಡಿದ್ದೆ. ಒಳಗಿನ ಬಟ್ಟೆ ಬಿಟ್ಟರೆ ಎರಡು ಗುಂಡಗಡಿಗೆಗಳಿಗೂ ವ್ಯತ್ಯಾಸವೇ ಇರಲಿಲ್ಲ. ಸಂಕೇಶ್ವರದ ಪತ್ತಾರನ ಹತ್ತಿರ ಒಂದೇ ದಿನ ಎರಡನ್ನೂ ನೀನೇ ಮಾಡಿಸಿದ್ದು, ತಾಯಿಗೊಂದು ಮಗಳಿಗೊಂದು ಎಂದು. ನಿನ್ನದಕ್ಕೆ ದಾರ ಇತ್ತು, ಅರಿಶಿಣ ಹತ್ತಿ ಹಳದಿಯಾದ ದಾರ, ಅದರಿಂದ ಗುರುತು ಸಿಗುತ್ತಿತ್ತು. ಆ ದಾರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿಯಾಗಿತ್ತು.

ನೀನು ಹೋದ ಮುಂಜಾನೆ ಮನೆ ತುಂಬ ಮಂದಿ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅಂಗಳದಿಂದ ಕೂಗಿದರು, "ಹೊತ್ತಾಕ್ಕೈತಿ. ತಾಯಿಯವರ ಲಿಂಗ ತರ್ರಿ." ನಾನು ಒಳಗೆ ಓಡಿದೆ. ನೋಡಲಿಲ್ಲವೇ ಅಂದರೆ, ನೋಡಿದೆ ಅವ್ವಾ. ಎರಡೂ ಬೆಳ್ಳಿ, ಎರಡೂ ದಾರವಿಲ್ಲದವು. ಮುಂದಿದ್ದದ್ದನ್ನು ಎತ್ತಿಕೊಂಡೆ. ಮುಚ್ಚಳ ತೆಗೆದು ಒಂದು ಸಲ ಒಳಗೆ ನೋಡಬೇಕು ಎನ್ನುವಷ್ಟು ಬುದ್ಧಿ... ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಣ್ಣನ ಕೈಗೆ ಕೊಟ್ಟೆ. ಸಮಾಧಿಯ ಹತ್ತಿರ ನಾನು ಹೆಂಗಸರ ನಡುವೆ ದೂರ ನಿಂತಿದ್ದೆ. ನಿನ್ನನ್ನು ಕೂರಿಸಿದ್ದು, ಎಡ ಅಂಗೈ ಬಿಡಿಸಿ ಅಯ್ಯನವರು ಲಿಂಗ ಇಟ್ಟದ್ದು, ಬಿಲ್ವಪತ್ರೆ, ವಿಭೂತಿ, ಎಲ್ಲ ಮಂದಿಯ ಹೆಗಲ ಸಂದಿಯಿಂದ ಅಷ್ಟಷ್ಟೇ ಕಂಡಿತು. ಮೂರು ಹಿಡಿ ಮಣ್ಣು ಹಾಕಿ ಬಂದೆ. ಸಂಜೆ ಅಣ್ಣ ಖಾಲಿ ಗುಂಡಗಡಿಗೆಯನ್ನು ವಾಪಸು ಕೊಟ್ಟ. ಜಗಲಿಯ ಮೇಲಿಟ್ಟೆ. ಅದರ ಬಾಜೂಕ್ಕೆ ಉಳಿದದ್ದು ನನ್ನದೇ ಎಂದುಕೊಂಡು ತಿಂಗಳುಗಟ್ಟಲೆ ಕೈ ಕೂಡ ಹಚ್ಚಲಿಲ್ಲ.

ಪಂಚಮಿಗೆ ಮನೆ ಸ್ವಚ್ಛ ಮಾಡುವಾಗ ತೆರೆದೆ. ಅಣ್ಣ ಫೋನ್ ಮಾಡಿ, "ಪಂಚಮಿಗೆ ಕರಿಯಾಕ ಬರ್ತೇನಿ, ತಯಾರಾಗು" ಎಂದಿದ್ದ. ಬೇಡ ಎಂದಿದ್ದೆ. ನನಗೆ ಪಂಚಮಿ ಎಂದರೆ ಬೇರೆಯವರ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವುದನ್ನು ಕಟ್ಟೆಯ ಮೇಲೆ ಕೂತು ನೋಡುವುದು. ಮದುವೆಯಾಗದೆ ತವರಲ್ಲೇ ಉಳಿದವಳಿಗೆ ಯಾವ ತವರು? ನೀನಿದ್ದಾಗ ಈ ಮಾತು ಹೊಳೆದಿರಲಿಲ್ಲ. ಈ ಸಲ ಹೊಳೆಯಿತು. ಹಾಗೆ ಯೋಚಿಸುತ್ತಲೇ ಬೆಳ್ಳಿ ತಿಕ್ಕಲೆಂದು ಮುಚ್ಚಳ ತೆಗೆದೆ. ಬಿಳಿ ಬಟ್ಟೆ. ಕೆಂಪು ಅಂಚು.

ಹಾಗಾದರೆ ನಿನ್ನ ಕೈಯಲ್ಲಿ...

ಅಲ್ಲೇ ಕೂತುಬಿಟ್ಟೆ ಅವ್ವಾ. ನಿನ್ನ ಅಂಗೈಯಲ್ಲಿ ಇರುವುದು ನನ್ನದು. ಮೂವತ್ತು ವರ್ಷ ಯಾರೂ ಪೂಜೆ ಮಾಡದ್ದು, ನಾನು ಸಿಟ್ಟಿನಿಂದ ಕಿತ್ತಿಟ್ಟದ್ದು. ನೀನು ನೀರು ಕುಡಿಯುವ ಮುಂಚೆ ನೋಡುತ್ತಿದ್ದದ್ದು, ನಾಲ್ಕು ದಿನ ಎದೆಯ ಮೇಲೆ ಹುಡುಕಿದ್ದು, ಇಲ್ಲಿ ಜಗಲಿಯ ಮೇಲೆ ಧೂಳು ತಿನ್ನುತ್ತಿತ್ತು. ಅಪ್ಪನ ಧೋತ್ರದ ತುಂಡೂ ನಿನ್ನ ಜೊತೆ ಬರಲಿಲ್ಲ. ಆ ವಾರ ಕಚೇರಿಯ ಎದುರು ಹೇಗೆ ಕೆಲಸ ಮಾಡಿದೆನೋ. ಒಬ್ಬರು ರೈತರ ಅರ್ಜಿಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಟೈಪ್ ಮಾಡಿದ್ದೆ. ಅವರು ಕಾಗದವನ್ನು ದೂರ ಹಿಡಿದು ಓದಿ ನಕ್ಕರು. "ಬಾಯಾರ, ಇದ್ಯಾವ ಅವ್ವನ್ನ ಕೊಟ್ರಿ ನನಗ? ನಮ್ಮವ್ವನ ಹೆಸರ ಬ್ಯಾರೆ ಐತ್ರಿ" ಎಂದರು. ನಾನೂ ನಕ್ಕೆ. ಅವರು ಹೋದ ಮೇಲೆ...

ಯಾರಿಗೆ ಹೇಳಲಿ? ಅಣ್ಣನಿಗೆ ಹೇಳುವ ಧೈರ್ಯ ಬರಲಿಲ್ಲ. ಮೂಡಲಗಿಯಲ್ಲಿ ಗೊಬ್ಬರ-ಬೀಜದ ಅಂಗಡಿ ನೋಡಿಕೊಂಡು ತನ್ನ ಪಾಡಿಗೆ ಇರುವವನ ಎದೆಯಲ್ಲಿ ಇದನ್ನೂ ಯಾಕೆ ಇಡಬೇಕು? ಕೊಟ್ಟವಳು ನಾನು. ಅಯ್ಯನವರ ಮನೆಗೆ ಹೋಗಿ ಹೇಳಿದೆ.

"ಮಣ್ಣ ಬಿಚ್ಚಿ ಬದಲಿ ಮಾಡಾಕ ಬರತೈತೇನ್ರಿ ಅಜ್ಜಾರ?" ಎಂದು ಕೇಳಿದೆ.

"ಛೇ ಛೇ, ಅದರ ಮಾತ ಎತ್ತಬ್ಯಾಡ ತಂಗಿ. ಕುಂತಾರ, ಕುಂದರ್ಲಿ."

"ಹಂಗಾರ ಇದನ್ನ ನಾ ಕಟ್ಟಗೊಳ್ಳಲೇನ್ರಿ?"

"ಒಬ್ಬರ ಇಷ್ಟಲಿಂಗ ಇನ್ನೊಬ್ಬರು ಕಟ್ಟಗೊಳ್ಳೂದು ಪದ್ಧತಿ ಅಲ್ಲವ್ವಾ. ಹರಿಯೂ ನೀರಿಗೆ ಬಿಡು, ಮಂದಿ ಕಾಲಾಗ ಸಿಗಬಾರ್ದು ಅಂಥಾ ಕಡೆ. ನಿನಗ ಬೇಕಂದ್ರ ಹೊಸಾದು ಕಟ್ಟತೇನಿ." ಅಷ್ಟು ಹೇಳಿ, ನಾನು ಹೊಸ್ತಿಲು ದಾಟುವಾಗ ಹಿಂದಿನಿಂದ, "ಅಳಬ್ಯಾಡ" ಎಂದರು. ನಾನು ಅಳುತ್ತಿರಲಿಲ್ಲ. ಅಳುತ್ತಿದ್ದೆನೋ ಏನೋ.

ಸಂಕೇಶ್ವರದ ಹಿರಣ್ಯಕೇಶಿ ಹೊಳೆ ಹತ್ತಿರವಿತ್ತು. ಆದರೆ ನನಗೆ ನೆನಪಾದದ್ದು ಗೋಕಾಕ ಫಾಲ್ಸಿನ ತೂಗುಸೇತುವೆ. ನಾನು ಸಣ್ಣವಳಿದ್ದಾಗ ಯಾರದೋ ಮದುವೆ ಮುಗಿಸಿ ಬರುವಾಗ ಅಪ್ಪ ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದ. ನೀನು ಚಪ್ಪಲಿ ಬಿಟ್ಟು ಅಪ್ಪನ ಕೈಗೆ ಕೊಟ್ಟು, ಗುಡಿಯೊಳಗೆ ಹೋದವಳಂತೆ ಬರಿಗಾಲಲ್ಲಿ ಆ ಹಲಗೆಗಳ ಮೇಲೆ ನಡೆದಿದ್ದೆ. ಅಪ್ಪನಿಗೆ ಎತ್ತರ ಎಂದರೆ ಅಂಜಿಕೆ. ದಂಡೆಯ ಮೇಲೆ ನಿನ್ನ ಚಪ್ಪಲಿ ಹಿಡಿದು ನಿಂತಿದ್ದ. "ಬರ್ರೆಲಾ, ಇಲ್ಲೇನ್ ಹುಲಿ ಕುಂತೈತೇನ?" ಎಂದು ನಡುವಿನಿಂದ ಕೂಗಿದ್ದೆ ನೀನು. ನೀನು ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ನಾನು ಬೇರೆಲ್ಲಿಯೂ ನೋಡಿಲ್ಲ. ಆ ನೀರಿಗೇ ಬಿಡೋಣ ಎಂದುಕೊಂಡೆ. ಅಲ್ಲಿಂದ ಹಾಗೆಯೇ ಮೂಡಲಗಿಗೆ ಹೋಗಿ ಅಣ್ಣನಿಗೆ ಪಂಚಮಿಯ ಉಂಡಿ ಕೊಟ್ಟು ಬಂದರಾಯಿತು, ಹೊಳೆಗೆ ಬಿಟ್ಟ ಸುದ್ದಿ ಯಾರಿಗೂ ಬೇಡ.

ದಸ್ತಗೀರನ ವ್ಯಾನ್ ಹೇಳಿದೆ. ನಿನ್ನನ್ನು ಬೆಳಗಾವಿಗೆ ಒಯ್ದದ್ದೂ, ತಂದದ್ದೂ ಅದೇ ವ್ಯಾನ್. ಬಾಗಿಲು ತೆರೆಯುತ್ತಲೇ ಶುರು ಮಾಡಿದ.

"ಫಾಲ್ಸಿಗೆ ಒಬ್ಬಾಕಿನ ಹೊಂಟೀರೇನ್ರಿ ಗಿರಿಜಕ್ಕ? ರೀಲ್ಸ್ ಮಾಡಾಕನ್ರಿ?"

"ಹೂಂ. ನೀ ಕುಣಿ, ನಾ ತಗೀತೀನಿ."

"ನಾ ಕುಣದ್ರ ಆ ತೂಗೂ ಪೂಲ ಹರೀತೈತ್ರಿ. ಅವ್ವಾರ ರೊಟ್ಟಿ ತಿಂದ ಮೈ ಇದು." ಸ್ವಲ್ಪ ದೂರ ಹೋದ ಮೇಲೆ ತಾನೇ ಮತ್ತೆ ಮಾತಾಡಿದ. "ಮೂರನೇ ರೊಟ್ಟಿ ಹಾಕೂಮುಂದ ಏನಂತಿದ್ರು ಗೊತ್ತೇನ್ರಿ? 'ತಿನ್ನೋ ದಸ್ತಗೀರ, ನೀ ತಿಂದ್ರ ಗಾಡಿ ಓಡತೈತಿ' ಅಂತಿದ್ರು. ಈಗ ನೋಡ್ರಿ, ಎಣ್ಣಿ ಹಾಕಿದ್ರೂ ಓಡವಲ್ದು."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕಿಟಕಿಯ ಕಡೆ ತಿರುಗಿದೆ. ಗೋವಿನಜೋಳ ಆಳೆತ್ತರ ಬೆಳೆದು ನಿಂತಿತ್ತು. ದಾರಿಯುದ್ದಕ್ಕೂ ಅಲ್ಲಲ್ಲಿ ಮರಗಳಿಗೆ ಪಂಚಮಿಯ ಜೋಕಾಲಿಗಳು ಇನ್ನೂ ಕಟ್ಟಿದ್ದವು, ಆದರೆ ಯಾರೂ ಆಡುತ್ತಿರಲಿಲ್ಲ. ಗುಂಡಗಡಿಗೆ ನನ್ನ ಕೈಚೀಲದಲ್ಲಿ ಉಂಡಿಯ ಡಬ್ಬಿಯ ಮೇಲಿತ್ತು. ಪ್ರತಿ ಗುಂಡಿಯಲ್ಲಿ ವ್ಯಾನ್ ಹಾರಿದಾಗ ಡಬ್ಬಿಗೆ ತಾಗಿ ಟಣ್ ಎನ್ನುತ್ತಿತ್ತು. ಕೊನೆಗೆ ತೆಗೆದು ತೊಡೆಯ ಮೇಲೆ ಹಿಡಿದು ಕೂತೆ. ದಸ್ತಗೀರ ನೋಡಿದನೋ ಇಲ್ಲವೋ, ಗುಂಡಿ ಬಂದಲ್ಲೆಲ್ಲ ವ್ಯಾನ್ ನಿಧಾನ ಮಾಡತೊಡಗಿದ. ಘಟಪ್ರಭಾ ದಾಟಿದ ಮೇಲೆ ಇಷ್ಟೇ ಹೇಳಿದ. "ಹಿಡಕಲ್ಲ ಡ್ಯಾಮದಿಂದ ನೀರ ಬಿಟ್ಟಾರಂತ್ರಿ. ಹೊಳಿ ಜೋರೈತಿ. ಹುಷಾರಲೇ ಹೋಗಿ ಬರ್ರಿ, ನಾ ಗಾಡಿ ಹತ್ರ ಇರ್ತೇನಿ. ನಮ್ಮ ಅಜ್ಜ ಮಿಲ್ಲಿನ ಕೆಲಸಕ್ಕ ದಿನಾ ಈ ಪೂಲ ದಾಟತಿದ್ದನಂತ. ನನಗಂತೂ ಆಗೂದಿಲ್ಲ."

ಆ ಸದ್ದು ನಿನಗೆ ನೆನಪಿರಬೇಕು. ಹೊಳೆ ಕಾಣುವುದಕ್ಕಿಂತ ಮೊದಲೇ ಎದೆಯೊಳಗೆ ಕೇಳಿಸುತ್ತದೆ. ನೀರು ಕೆಂಪಗೆ, ಮಣ್ಣಿನ ಬಣ್ಣ. ದಂಡೆಯ ತುಂಬ ಮಂದಿ, ಗೋವಿನಜೋಳ ಸುಡುವ ಹೊಗೆ, ಕೊಡೆಗಳು. ಬ್ರಿಟಿಷರ ಕಾಲದ ಆ ಸೇತುವೆ ಮಾತ್ರ ಹಾಗೆಯೇ ಇದೆ. ಎರಡು ಕಡೆ ಕಬ್ಬಿಣದ ದಪ್ಪ ಹಗ್ಗ, ಕಾಲಡಿ ಹಲಗೆ, ಹಲಗೆಯ ಸಂದಿಯಲ್ಲಿ ಓಡುವ ನೀರು. ನನ್ನಲ್ಲೂ ಅಪ್ಪನ ಅಂಜಿಕೆ ಇದೆ, ನಿನಗೆ ಗೊತ್ತು. ಆದರೂ ಚಪ್ಪಲಿ ಬಿಟ್ಟೆ. ಎಡಗೈಯಲ್ಲಿ ಗುಂಡಗಡಿಗೆ, ಬಲಗೈಯಲ್ಲಿ ಹಗ್ಗ ಹಿಡಿದು ನಡೆದೆ. ಎದುರಿನಿಂದ ಬರುವವರು ಹೆಜ್ಜೆ ಇಟ್ಟಾಗಲೆಲ್ಲ ಸೇತುವೆ ನನ್ನ ಕಾಲಡಿ ಏಳುತ್ತಿತ್ತು, ಇಳಿಯುತ್ತಿತ್ತು. ಒಬ್ಬಳು ಹುಡುಗಿ ಫೋನ್ ಎತ್ತಿ ಹಿಡಿದು ಹಿಂದಕ್ಕೆ ನಡೆಯುತ್ತಿದ್ದಳು. ಅಷ್ಟು ಮಂದಿಯ ನಡುವೆ ನನ್ನಷ್ಟು ಒಬ್ಬಂಟಿ ಯಾರೂ ಇರಲಿಲ್ಲ ಅನಿಸಿತು. ಜಂಬದಿಂದ ಹೇಳುತ್ತಿಲ್ಲ. ಸುತ್ತ ನೋಡಿದೆ, ಎಲ್ಲರೂ ಯಾರದಾದರೂ ಕೈ ಹಿಡಿದಿದ್ದರು.

ನಡುವೆ ನಿಂತೆ. ಮುಚ್ಚಳ ತೆಗೆದೆ. ಧೋತ್ರದ ತುಂಡು ಬಿಡಿಸಿ, ಅದನ್ನೂ ಗುಂಡಗಡಿಗೆಯನ್ನೂ ಸೊಂಟಕ್ಕೆ ಸಿಕ್ಕಿಸಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡೆ. ಜನ್ಮದಲ್ಲಿ ಮೊದಲ ಸಲ ನಿನ್ನದನ್ನು ಅಷ್ಟು ಹತ್ತಿರದಿಂದ ನೋಡಿದೆ. ಒಂದು ಕಡೆ ನಿನ್ನ ಹೆಬ್ಬೆರಳು ತಾಗಿ ತಾಗಿ ನುಣ್ಣಗಾಗಿದೆ. ನನ್ನ ಹೆಬ್ಬೆರಳನ್ನು ಅಲ್ಲಿಟ್ಟರೆ ಸರಿಯಾಗಿ ಕೂಡುತ್ತದೆ. ಇನ್ನು ಕೈ ಹಗ್ಗದ ಆಚೆ ಚಾಚಿ ಬೆರಳು ಬಿಡಿಸುವುದಷ್ಟೇ ಬಾಕಿ.

ಆಗ ಉಳಿದರ್ಧ ನೆನಪಾಯಿತು. ಆ ದಿನ ನೀನು ಬರಿ ನಗಲಿಲ್ಲ. ನಗುತ್ತ ನಗುತ್ತ ನೀರು ನೋಡಲು ಬಗ್ಗಿದೆ. ಸೆರಗಿನ ಒಳಗಿಂದ ಗುಂಡಗಡಿಗೆ ಹೊರಗೆ ಜಾರಿ, ದಾರದ ತುದಿಯಲ್ಲಿ ನೀರಿನ ಮೇಲೆ ತೂಗಾಡಿತು. ದಂಡೆಯಿಂದ ಅಪ್ಪ, "ಏ, ಲಿಂಗ! ಲಿಂಗ!" ಎಂದು ಕೂಗಿದ. ನೀನು ತಟ್ಟನೆ ಎರಡೂ ಕೈಯಲ್ಲಿ ಅದನ್ನು ಹಿಡಿದು ಎದೆಗೆ ಒತ್ತಿಕೊಂಡೆ. ಹಗ್ಗ ಬಿಟ್ಟು ಹಿಡಿದೆ ಅವ್ವಾ. ಸೇತುವೆ ಹೊಯ್ದಾಡುತ್ತಿತ್ತು, ಬಿದ್ದುಬಿಡಬಹುದಿತ್ತು, ನಿನಗೆ ಅದರ ಪರಿವೆಯೇ ಇರಲಿಲ್ಲ. ನಿನ್ನ ಮುಖ ಬಿಳಿಚಿತ್ತು. ದಂಡೆಗೆ ಬಂದ ಮೇಲೂ ಆ ಕೈ ಬಿಡಲಿಲ್ಲ, ಮನೆ ಮುಟ್ಟುವವರೆಗೂ ಬಿಡಲಿಲ್ಲ. ನಾನು ಇಷ್ಟು ವರ್ಷ ನಗುವನ್ನು ಮಾತ್ರ ಇಟ್ಟುಕೊಂಡು ಇದನ್ನು ಹೇಗೆ ಮರೆತೆ? ನೀನು ಜೀವದ ಹಂಗು ಬಿಟ್ಟು ಹಿಡಿದುಕೊಂಡದ್ದನ್ನು ಅದೇ ನೀರಿಗೆ ಕೈಯಾರೆ ಬಿಡಲು ಬಂದವಳು ನಾನು.

ಹಾಗೆ ನಿಂತಿದ್ದಾಗ ಯಾರೋ ನನ್ನ ಸೆರಗು ಹಿಡಿದು ಜಗ್ಗಿದರು. ಒಬ್ಬಳು ಮುದುಕಿ, ನಿನಗಿಂತ ಹಿರಿಯಳು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಯವ್ವಾ, ನೀ ಯಾರರ ಇರು, ನನ್ನ ಕೈ ಹಿಡಕೊ. ಕಾಲ ಮುಂದಕ ಬರವಲ್ಲವು, ಹಿಂದಕ ಬರವಲ್ಲವು. ಆ ಮಮ್ಮಗಳು ವಿಡಿಯೋ ತಗೀತೇನಿ ಅಂತ ಕರಕೊಂಡ ಬಂದು ನನ್ನ ಜೀವಾ ತಗಿಯಾಕತ್ತಾಳ!"

ಫೋನ್ ಹಿಡಿದು ಹಿಂದಕ್ಕೆ ನಡೆಯುತ್ತಿದ್ದ ಹುಡುಗಿ ದೂರದಿಂದ, "ನಗಬೇ ಆಯಿ, ನಗು! ಮಸ್ತ್ ಬರಾಕತ್ತೈತಿ" ಎಂದಳು.

"ನಿನ್ನ ಬಾಯಾಗ ಮಣ್ಣ ಹಾಕ್ಲಿ" ಎಂದಳು ಮುದುಕಿ, ಕಣ್ಣು ತೆರೆಯದೆಯೇ.

ಆಕೆಯ ಕೈ ಹಿಡಿಯಬೇಕಾದರೆ ನಾನು ಹಗ್ಗ ಬಿಡಬೇಕಿತ್ತು. ಎಡಗೈ ಮುಷ್ಟಿ ಮಾಡಿದೆ, ಬಲಗೈಯಿಂದ ಆಕೆಯ ಮಣಿಕಟ್ಟು ಹಿಡಿದೆ. ಹಗ್ಗ ಹಿಡಿಯಲು ಇನ್ನು ಕೈ ಉಳಿಯಲಿಲ್ಲ. ಒಂದೊಂದೇ ಹಲಗೆ ಎಣಿಸಿದವರಂತೆ ಇಬ್ಬರೂ ದಂಡೆಗೆ ಬಂದೆವು. ನೆಲ ಮುಟ್ಟಿದ ಮೇಲೆ ಕಣ್ಣು ತೆರೆದು ನನ್ನ ಮುಖ ನೋಡಿದಳು. "ಎಂಥಾ ಗಟ್ಟಿ ಕೈಯವ್ವಾ ನಿಂದು" ಎಂದಳು. ಎಡಗೈ ಮುಷ್ಟಿಯ ಕಡೆ ನೋಡಿ, ಏನೆಂದು ಕೇಳಲಿಲ್ಲ. ಮೊಮ್ಮಗಳ ಹೆಸರು ಕೂಗುತ್ತ ಹೋಗಿಬಿಟ್ಟಳು. ನಾನು ಮತ್ತೆ ಸೇತುವೆಯ ಕಡೆ ತಿರುಗಿದೆ. ನಿಜ ಹೇಳುತ್ತೇನೆ, ತಿರುಗಿದೆ. ಕಾಲು ಏಳಲಿಲ್ಲ.

ದಸ್ತಗೀರ ವ್ಯಾನಿಗೆ ಒರಗಿ ನಿಂತಿದ್ದ. "ಆತೇನ್ರಿ ಅಕ್ಕಾರ?" ಎಂದ. ಏನು ಆಗಬೇಕಿತ್ತೆಂದು ಅವನಿಗೆ ನಾನು ಹೇಳಿಯೇ ಇರಲಿಲ್ಲ.

"ಇಲ್ಲೋ. ಆಗಲಿಲ್ಲ."

"ಇರ್ಲಿ ಬಿಡ್ರಿ. ಮಳಿ ಮ್ವಾಡ ಹಾಕೇತಿ, ಹತ್ರಿ" ಎಂದು ಬಾಗಿಲು ಸರಿಸಿದ.

ಮೂಡಲಗಿ ಮುಟ್ಟಿದಾಗ ಅಣ್ಣ ಊಟಕ್ಕೆ ಮನೆಗೆ ಬಂದಿದ್ದ. ವೈನಿ ಬಾಗಿಲಲ್ಲೇ ನಿಂತು, "ಬರ್ರಿ ಬರ್ರಿ, ಕರದ್ರ ಬರಂಗಿಲ್ಲ, ಕರೀದಿದ್ರ ಬರ್ತಾರ ನಮ್ಮ ನಾದನಿ" ಎಂದು ಕೈಚೀಲ ಇಸಕೊಂಡಳು. ದಾರಿಯಲ್ಲಿ ಏನೂ ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆದರೆ ತಾಟಿನ ಮುಂದೆ ಕೂತಾಗ ಅಣ್ಣ, "ಯಾಕ, ಮಾರಿ ಹಿಂಗ ಆಗೇತಿ?" ಎಂದ. ಅಷ್ಟೇ ಸಾಕಾಯಿತು. ರೊಟ್ಟಿ ಮುರಿಯದೆ ಎಲ್ಲ ಹೇಳಿದೆ. ಕತ್ತರಿ, ಜಗಲಿ, ಧೋತ್ರ, ಅಯ್ಯನವರು, ಸೇತುವೆ. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ. ಬೈಯಲಿ ಎಂದು ಕಾದೆ.

ಅಣ್ಣ ಬೈಯಲಿಲ್ಲ. ತಾಟು ಸರಿಸಿದ. "ನನಗ ಗೊತ್ತೈತಿ ಗಿರಿಜಾ" ಎಂದ.

ನಾನು ತಲೆ ಎತ್ತಿದೆ.

"ಅಯ್ಯನವರು ಮುಚ್ಚಳ ತಗದಾಗ ನಾ ಬಾಜೂಕ ನಿಂತಿದ್ದೆ. ಕೆಂಪ ಅರಿವಿ ಇತ್ತು. ಅಪ್ಪನ ಧೋತ್ರ ಇರಲಿಲ್ಲ. ಬ್ಯಾರೆ ಐತಿ ಅಂತ ಕೂಡ್ಲೆ ಗೊತ್ತಾತು. ತಡೀರಿ ಅನ್ನಬೇಕಂದೆ, ಬಾಯಿ ಬರಲಿಲ್ಲ. ಸುತ್ತ ಊರ ಮಂದಿ. ನೀ ಅಲ್ಲಿ ದೂರ ನಿಂತಿದ್ದಿ, ನಿನ್ನ ಮಾರಿ ನೋಡಿದೆ. ಅಷ್ಟರಾಗ ಅವ್ವನ ಬೆರಳ ಮಡಚಿ ಬಿಟ್ಟಿದ್ರು." ಒಂದು ಗುಟುಕು ನೀರು ಕುಡಿದ. "ನಿನಗ ಹೇಳಿದ್ರ ನೀ ಬದುಕಿದ್ದೂ ಸತ್ತಂಗ ಆಗ್ತಿ ಅಂತ ಸುಮ್ನ ಇದ್ದೆ. ಪಂಚಮಿಗೆ ಕರದದ್ದೂ ಅದಕ್ಕ. ನೀ ಆ ಗುಂಡಗಡಗಿ ತಗದ ನೋಡೂದ್ರಾಗ ನಾನ ಬಂದು..."

ಅವನೂ ಮಾತು ಮುಗಿಸಲಿಲ್ಲ. ಐದು ತಿಂಗಳಿಂದ ಅವನು ಮೂಡಲಗಿಯಲ್ಲಿ, ಆಮೇಲೆ ನಾನು ಹುಕ್ಕೇರಿಯಲ್ಲಿ, ಒಂದೇ ಕಲ್ಲು ಎದೆಯ ಮೇಲೆ ಹೊತ್ತು, ಫೋನಿನಲ್ಲಿ ಮಳೆ ಬಂತೇ, ಜ್ವರ ಹೋಯಿತೇ ಎಂದು ಕೇಳುತ್ತಿದ್ದೆವು. ನೀನಿದ್ದಿದ್ದರೆ ಇಬ್ಬರಿಗೂ ಒಂದೊಂದು ಕೊಟ್ಟು ಬಾಯಿ ಬಿಡಿಸುತ್ತಿದ್ದೆ.

ರೊಟ್ಟಿ ಬಡಿಸಲು ಬಂದ ವೈನಿಗೆ ತಡೆಯಲಾಗಲಿಲ್ಲ. "ಇಬ್ರೂ ಹಿಂಗ ಕುಂತ್ರ ಹೆಂಗ? ಅತ್ತಿಯಾರು ಜಲ್ಮೆಲ್ಲಾ ಹೇಳಿದ್ರು, ಲಿಂಗ ಕಟ್ಟಗೊ ಕಟ್ಟಗೊ ಅಂತ. ನೀ ಕೇಳಲಿಲ್ಲ. ಕಡೀಕ ನೋಡ್ರಿ, ನಿಂದ ತಾವ ತೊಗೊಂಡು ತಮ್ದ ನಿನಗ ಬಿಟ್ಟ ಹೋದ್ರು. ಈಗ ಹೆಂಗ ಒಲ್ಲೆ ಅಂತಿ ಅನ್ನು?" ಅಣ್ಣ ನಕ್ಕ. ನಗುತ್ತಲೇ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡ. "ಆಕಿ ಬರಿಗೈಲೆ ಹೋಗಿಲ್ಲಲ್ಲ ಗಿರಿಜಾ. ನಿಂದು ಐತಿ ಕೈಯಾಗ. ಅದೂ ಆಕಿನ ಕಟ್ಟಿಸಿದ್ದು" ಎಂದ. ಊಟ ಅರ್ಧಕ್ಕೇ ಬಿಟ್ಟು ಎದ್ದು ಪೇಟೆಗೆ ಹೋಗಿ ಶಿವದಾರ ತಂದ. ನನ್ನ ಹಿಂದೆ ನಿಂತು ಕೊರಳಿಗೆ ಕಟ್ಟಿದ. ಗಂಟು ಹಾಕುವಾಗ ಅವನ ಬೆರಳು ನನ್ನ ಹೆಗಲಿಗೆ ತಾಗಿತು, ಗೊಬ್ಬರದ ವಾಸನೆ ಇತ್ತು. ಅಪ್ಪನ ಧೋತ್ರದ ತುಂಡು ಒಳಗೇ ಇದೆ, ತೆಗೆದಿಲ್ಲ. ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ ಅವ್ವಾ. ಅಯ್ಯನವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಏನನ್ನುತ್ತಾರೋ. ನಿನ್ನ ಕೈಯಲ್ಲಿ ನಿನ್ನದು ಇಲ್ಲ ಎನ್ನುವ ಸಂಕಟ ಹೋಗಿದೆಯೇ ಎಂದರೆ, ಹೋಗಿಲ್ಲ. ಆದರೆ ಅದನ್ನು ಹೊಳೆಗೆ ಒಗೆದು ಬಂದ ಸಂಕಟ ಇದಕ್ಕಿಂತ ದೊಡ್ಡದಾಗುತ್ತಿತ್ತು. ಅಷ್ಟು ಮಾತ್ರ ಗೊತ್ತು.

ಇವತ್ತು ಮುಂಜಾನೆ ಸ್ನಾನ ಮಾಡಿ, ನೀನು ಕೂರುತ್ತಿದ್ದ ಮಣೆಯ ಮೇಲೆ ಕೂತೆ. ಎಡ ಅಂಗೈ ಮೇಲೆ ಇಟ್ಟುಕೊಂಡೆ. ವಿಭೂತಿ ಹಚ್ಚಿದೆ, ಹೂವಿಟ್ಟೆ. ಆಮೇಲೆ? ನೀನು ಹೀಗೆ ಕೂತಾಗ ತುಟಿ ಅಲ್ಲಾಡಿಸುತ್ತ ಏನೋ ಹೇಳುತ್ತಿದ್ದೆ. ಏನದು? ಒಂದು ದಿನವೂ ಕೇಳಲಿಲ್ಲ ನಾನು. ಬಾಲ್ಯದಲ್ಲಿ ಕಲಿಸಿದ್ದನ್ನು ಮರೆತಿದ್ದೇನೆ. ಹಿತ್ತಿಲ ನಳ ತೊಟ್ಟಿಕ್ಕುವುದು ಕೇಳುತ್ತಿತ್ತು. ಕೊನೆಗೆ, ಏನೂ ತೋಚದೆ, ನೀನು ಹೋದ ಮೇಲೆ ಓಣಿಯಲ್ಲಿ ಆದದ್ದನ್ನೆಲ್ಲ ಅದಕ್ಕೇ ಹೇಳಿದೆ. ನಾಳೆಯೂ ಹೇಳುತ್ತೇನೆ ಅವ್ವಾ. ನಿನ್ನ ಆ ಮಾತು ಯಾರಾದರೂ ಕಲಿಸುವವರೆಗೆ ದಿನಾ ಹೇಳುತ್ತೇನೆ, ಬಿಡುವುದಿಲ್ಲ.

ಇವತ್ತಿನದು ಇಷ್ಟು. ಬಾಜೂ ಮನೆಯ ಎಮ್ಮೆ ಈದಿದೆ. ಹೆಣ್ಣು ಕರು. ತಂಬಿಗೆ ತುಂಬ ಗಿಣ್ಣದ ಹಾಲು ಕೊಟ್ಟಿದ್ದಾರೆ. ಒಬ್ಬಳಿಗೆ ಬಹಳವಾಯಿತು.

ನಿನ್ನ
ಗಿರಿಜಾ